ಪಿನ್ ಬಿಟ್ಟು ದಾರ ಹಿಡಿದ ಮೇಲೆ ಮುಚ್ಚಿದ ಡಬ್ಬಿ

ನನ್ನ ಕಪಾಟಿನ ನಲವತ್ತು ಚಿಲ್ಲರೆ ನಿಂಟೆಂಡೊ ಸ್ವಿಚ್ ವಿಡಿಯೊ ಗೇಮ್ ಡಬ್ಬಿಗಳ ಪೈಕಿ ಹನ್ನೊಂದರಲ್ಲಿ ಈಗ ಮುದ್ರಿತ ಕೈಪಿಡಿ ಇದೆ. ಹನ್ನೊಂದನ್ನೂ ನಾನೇ ಬರೆದು, ಪುಟ ಕಟ್ಟಿ, ಬೆಳಗಾವಿಯಲ್ಲೇ ಅಚ್ಚು ಹಾಕಿಸಿ, ಕೈಯಾರೆ ಹೊಲಿದಿದ್ದೇನೆ. 2017ರಲ್ಲಿ ಬಂದ ಮೊದಲ ಆಟಗಳಿಂದಲೂ ಡಬ್ಬಿಯ ಒಳಗಡೆ, ಎಡಬದಿಗೆ, ಪುಸ್ತಕ ಹಿಡಿಯುವ ಕೊಕ್ಕೆಗಳಿವೆ. ಆದರೆ ಹೆಚ್ಚಿನ ಆಟಗಳಿಗೆ ಪುಸ್ತಕವೇ ಇಲ್ಲ. ಆ ಖಾಲಿ ಜಾಗವನ್ನು ತುಂಬಿಸುತ್ತೇನೆ ಎಂದಾಗ ನನ್ನಂತೆಯೇ ಆಟ ಕೂಡಿಡುವ ಗೆಳೆಯರು ನಕ್ಕರು. ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಂಥ ಕೆಲಸ ಆಗುವುದಿಲ್ಲ, ಹೊರದೇಶದಿಂದ ತರಿಸಿಕೊಳ್ಳುವುದೇ ಲೇಸು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಮೊದಲ ಪ್ರಯತ್ನ ಅವರ ಮಾತನ್ನೇ ನಿಜ ಮಾಡಿತು. ಬ್ರೆತ್ ಆಫ್ ದಿ ವೈಲ್ಡ್ ಆಟಕ್ಕೆ ಅಡುಗೆಯ ಕೋಷ್ಟಕ, ಆಯುಧಗಳ ಪಟ್ಟಿ, ನಕ್ಷೆ ಎಲ್ಲವೂ ಇರಲೆಂದು 48 ಪುಟ ಮಾಡಿದೆ. ದಪ್ಪ ಇದ್ದರೆ ಘನತೆ ಬರುತ್ತದೆಂದು ಚದರ ಮೀಟರಿಗೆ 170 ಗ್ರಾಂ ತೂಗುವ, ಅಂದರೆ 170 ಜಿಎಸ್‌ಎಂ ಆರ್ಟ್ ಪೇಪರ್ ಆರಿಸಿದೆ. ಹತ್ತು ಪ್ರತಿಗೆ ಹತ್ತಿರ ಹತ್ತಿರ 1,700 ರೂಪಾಯಿ ಹೋಯಿತು. ಪುಸ್ತಕ ಮೂರೂವರೆ ಮಿಲಿಮೀಟರ್ ದಪ್ಪವಾಗಿ, ಡಬ್ಬಿ ಬಾಯಿ ಮುಚ್ಚಲೇ ಇಲ್ಲ. ಒಂದರೊಳಗೊಂದು ಮಡಚಿದಾಗ ಒಳಹಾಳೆಗಳು ಹೊರಕ್ಕೆ ಸರಿಯುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲವಾದ್ದರಿಂದ, ಅಂಚು ಕೊಯ್ಯುವಾಗ ನಡುವಿನ ಪುಟಗಳ ಪುಟಸಂಖ್ಯೆಗಳೂ ಕತ್ತರಿಸಿಹೋದವು. ಚಿತ್ರಗಳ ಪಾಡು ಇನ್ನೂ ಕೆಟ್ಟದ್ದು. ಸ್ವಿಚ್ ಸೆರೆಹಿಡಿಯುವ ಚಿತ್ರ 1280×720 ಚುಕ್ಕಿಗಳದ್ದು. ನನ್ನ ಪುಟದ ಅಳತೆ 93×150 ಮಿಲಿಮೀಟರ್. ಚಿತ್ರವನ್ನು ಪುಟದ ಅಗಲಕ್ಕೆ ಕೂರಿಸಿದರೆ ಇಂಚಿಗೆ ಮುನ್ನೂರಕ್ಕಿಂತ ಹೆಚ್ಚು ಚುಕ್ಕಿ ಸಿಗುತ್ತವೆ, ನಿಚ್ಚಳವಾಗಿ ಬರುತ್ತದೆ. ನಾನು ಆಸೆಬುರುಕನಾಗಿ ಪುಟದ ಪೂರ್ತಿ ಎತ್ತರಕ್ಕೆ ಎಳೆದೆ. ಅಲ್ಲಿಗೆ ಇಂಚಿಗೆ ನೂರಿಪ್ಪತ್ತರಷ್ಟೇ ಉಳಿದು, ಎಲ್ಲ ಬೆಟ್ಟಗಳೂ ಮಂಜಿನಲ್ಲಿ ನಿಂತಂತೆ ಕಂಡವು.

ಕನ್ನಡ ಅಕ್ಷರಗಳದ್ದು ಬೇರೆಯೇ ರಗಳೆ. ಯುನಿಕೋಡ್ ಪಠ್ಯವನ್ನು ಪ್ರೆಸ್ಸಿನ ಹಳೆಯ ತಂತ್ರಾಂಶದಲ್ಲಿ ತೆರೆದ ಕೂಡಲೇ ಒತ್ತಕ್ಷರಗಳೆಲ್ಲ ಕಳಚಿಬಿದ್ದವು. ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಿಕೊಡುವುದಾಗಿ ಅಲ್ಲಿಯವರು ಹೇಳಿದರು, ಪುಟಕ್ಕೆ ಇಷ್ಟು ಎಂದು ದರವನ್ನೂ ಹೇಳಿದರು. ಅಂದಿನಿಂದ ನಾನು ಪುಟ ವಿನ್ಯಾಸದ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ, ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ, ಪಿಡಿಎಫ್ ಬಿಟ್ಟು ಬೇರೆ ಏನನ್ನೂ ಅವರ ಕೈಗೆ ಕೊಡುವುದಿಲ್ಲ.

ಎರಡನೆಯ ಸಲ ಪುಟಗಳನ್ನು 24ಕ್ಕೆ ಇಳಿಸಿದೆ: ಒಳಗೆ 130 ಜಿಎಸ್‌ಎಂನ ಇಪ್ಪತ್ತು ಪುಟ, ಹೊರಗೆ 170ರ ಮುಖಪುಟ. ಸೆಂಟರ್ ಪಿನ್ ಹೊಡೆಸಿದೆ. ಡಬ್ಬಿ ಮುಚ್ಚಿತು, ನಾನು ಬೀಗಿದೆ. ಅದು ಮೇ ತಿಂಗಳು. ಬೆಳಗಾವಿಯ ಜುಲೈ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿಯುವುದರೊಳಗೆ ಪಿನ್ನುಗಳು ತುಕ್ಕು ಹಿಡಿದು ನಡುಪುಟದ ನಕ್ಷೆಯ ಮೇಲೆ ಕಂದು ಕಲೆ ಇಳಿದಿತ್ತು, ಮುಖಪುಟದ ಬೆನ್ನಿನ ಮೇಲೆ ಬಣ್ಣ ಒಡೆದು ಬಿಳಿ ಗೆರೆ ಎದ್ದಿತ್ತು. ಮಡಚುವ ಮೊದಲೇ ಗೆರೆ ಒತ್ತಿಸಿ ಕ್ರೀಸಿಂಗ್ ಮಾಡಿಸಿದರೂ ಒಡೆಯಿತು. ಆ ಹೊತ್ತಿಗೆ ಒಟ್ಟು ಖರ್ಚು ನಾಲ್ಕು ಸಾವಿರ ದಾಟಿತ್ತು.

ಪರಿಹಾರ ಸಿಕ್ಕಿದ್ದು ಬೆಳಗಾವಿಯದೇ ಶಹಾಪುರದಲ್ಲಿ, ವ್ಯಾಪಾರಸ್ಥರ ಖಾತೆಪುಸ್ತಕಗಳನ್ನು ಕಟ್ಟುವ ಒಬ್ಬ ಹಿರಿಯರ ಬಳಿ. ಅವರನ್ನು ನಾನು ಕಾಕಾ ಎಂದೇ ಕರೆಯುತ್ತೇನೆ. ನನ್ನ ಪುಸ್ತಕವನ್ನು ಒಮ್ಮೆ ಬಾಗಿಸಿ ನೋಡಿ, "ತಮ್ಮಾ, ಕಾಗದಕ್ಕೂ ನಾರ ಇರತಾವು. ನೀ ಅಡ್ಡ ಮಡಚೀದಿ, ಒಡೀದ ಏನ ಮಾಡತೈತಿ?" ಎಂದರು. ಪ್ರೆಸ್ಸಿನ 13×19 ಇಂಚಿನ ಹಾಳೆಯಲ್ಲಿ ನಾರು ಉದ್ದಕ್ಕೆ ಓಡುತ್ತಿತ್ತು. ಒಂದು ಹಾಳೆಗೆ ನಾಲ್ಕು ಜೋಡಿಪುಟ ಹಿಡಿಸುವ ಆತುರದಲ್ಲಿ ನನ್ನ ಮಡಿಕೆ ಅದಕ್ಕೆ ಅಡ್ಡ ಬೀಳುತ್ತಿತ್ತು. ಈಗ ನಾನೇ ದೊಡ್ಡ ಹಾಳೆ ಕೊಂಡು, ನಾರು ಗಿಡ್ಡ ಬದಿಗೆ ಬರುವಂತೆ ಕೊಯ್ಸಿ ಪ್ರೆಸ್ಸಿಗೆ ಒಯ್ಯುತ್ತೇನೆ. ತುಂಡುಗಳು ಕಡಿಮೆ ಬರುತ್ತವೆ, ಚೂರು ಹೆಚ್ಚು ಉಳಿಯುತ್ತದೆ, ಆದರೆ ಬೆನ್ನು ಒಡೆಯುವುದಿಲ್ಲ. ಕಾಗದ ಯಾವ ಅಂಗಡಿಯದು, ಯಾವ ಗಿರಣಿಯದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪಿನ್ನಿನ ಬದಲು ದಾರ ಎಂಬ ಸಲಹೆಯೂ ಕಾಕಾ ಅವರದೇ. ಮೂರು ತೂತು, ಮೇಣ ಸವರಿದ ದಾರ, ಗಂಟು ಒಳಗಡೆ. ಆಮೇಲೆ ಒಂದು ರಾತ್ರಿ ಭಾರದ ಕೆಳಗೆ ಇಟ್ಟು, ಮರುದಿನ ಅಂಚು ಕೊಯ್ಸುವುದು. ಮೊದಲೇ ಕೊಯ್ಸಿದರೆ ಅಂಚು ಮೆಟ್ಟಿಲಾಗುತ್ತದೆ. ಒಂದು ಪುಸ್ತಕ ಹೊಲಿಯಲು ನನಗೆ ಈಗ ಹತ್ತು ನಿಮಿಷ ಸಾಕು, ಮೊದಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಪ್ರೆಸ್ಸಿನ ಮಾಲೀಕರನ್ನು ಒಪ್ಪಿಸುವುದೂ ಸುಲಭವಿರಲಿಲ್ಲ. "ಸರ, ಲಗ್ನದ ಸೀಸನ್‌ದಾಗ ನಾಕ ಪ್ರತಿ ತಗೊಂಡ ಬಂದ್ರ ಹೆಂಗ್ರಿ?" ಎಂದು ಅವರು ಕೇಳಿದ್ದು ನ್ಯಾಯವೇ. ಆದರೆ ಲೆಕ್ಕ ಕೂಡುವುದು ನಾಲ್ಕು ಪ್ರತಿಗೇ: ಒಳಪುಟಗಳಿಗೆ ಐದು ಹಾಳೆ, ನಾಲ್ಕು ಮುಖಪುಟಗಳಿಗೆ ಒಂದು ಹಾಳೆ. ಎರಡೂ ಬದಿಯ ಅಚ್ಚಿಗೆ ಹಾಳೆಗೆ ಸುಮಾರು 45 ರೂಪಾಯಿ, ಕಟಿಂಗ್‌ಗೆ ಐವತ್ತು. ಪ್ರತಿಗೆ ಎಂಬತ್ತರ ಆಸುಪಾಸು ಬೀಳುತ್ತದೆ, ಕಾಗದದ ಚೂರು ಸೇರಿಸಿದರೆ ತೊಂಬತ್ತು. ನಾನು ಇವನ್ನು ಮಾರುವುದಿಲ್ಲ, ಗೆಳೆಯರಿಂದ ಅಸಲು ಮಾತ್ರ ತೆಗೆದುಕೊಳ್ಳುತ್ತೇನೆ. ಪಠ್ಯ ನನ್ನದಾದರೂ ಆಟದ ಚಿತ್ರಗಳು ನನ್ನವಲ್ಲವಲ್ಲ.

ನಡುವೆ ಕೆಲವು ಹುಚ್ಚಾಟಗಳನ್ನೂ ಮಾಡಿದೆ. ನಕ್ಷೆಯನ್ನು ಹೊಳಪಿಲ್ಲದ ತೆಳು ಕಾಗದವಾದ 70 ಜಿಎಸ್‌ಎಂ ಮ್ಯಾಪ್‌ಲಿಥೊ ಮೇಲೆ ಅಚ್ಚು ಹಾಕಿಸಿ, ಹಳೆಯದಾಗಿ ಕಾಣಲೆಂದು ಚಹಾದ ನೀರಿನಲ್ಲಿ ಅದ್ದಿದೆ. ಒಣಗಿದ ಮೇಲೆ ಅದು ಹಪ್ಪಳವಾಯಿತು. ಚಹಾ ಬಿಟ್ಟು, ಮಡಚಿದ ನಕ್ಷೆಯನ್ನು ಕೊನೆಯ ಪುಟಕ್ಕೆ ಮೈದಾ ಅಂಟಿನಲ್ಲಿ ಹಚ್ಚಿದಾಗ ಚೆನ್ನಾಗಿ ಕೂತಿತು, ಆದರೆ ಹುಳು ಹಿಡಿಯದಿರಲೆಂದು ಸೇರಿಸಿದ ಮೈಲುತುತ್ತ ಹೆಚ್ಚಾಗಿ ಅಂಚಿನಲ್ಲಿ ನೀಲಿ ಛಾಯೆ ಉಳಿಯಿತು. ಆ ಪ್ರತಿಯನ್ನೂ ಎಸೆದಿಲ್ಲ. ಆಟದಲ್ಲಿ ಮುಗಿಸಿದ ಗುಡಿಗಳ ಹೊಳೆಯುವ ನೀಲಿ ಅಚ್ಚಿನಲ್ಲಿ ಮಂಕಾಗುತ್ತಿದ್ದುದನ್ನು ಸರಿಪಡಿಸಲು ಮೂರು ಪರೀಕ್ಷಾ ಹಾಳೆಗಳು ಬೇಕಾದವು. ಕೊನೆಗೆ ಗೆದ್ದ ಬಣ್ಣದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಅದನ್ನೂ ಇಲ್ಲಿ ಬಿಚ್ಚುವುದಿಲ್ಲ.

ಹೊಲಿದ ಮೊದಲ ಪ್ರತಿ ಎರಡು ಮಳೆಗಾಲ ಕಂಡಿದೆ. ಕಲೆಯಿಲ್ಲ, ಬೆನ್ನಿನಲ್ಲಿ ಬಿರುಕಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗೆಳೆಯ ಕಳೆದ ತಿಂಗಳು ಆರು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟುಹೋದ. ಅಸಲನ್ನು ಮುಂಗಡವಾಗಿಯೇ ಇಸಿದುಕೊಂಡಿದ್ದೇನೆ. ಅಚ್ಚಿನ ಕೆಲಸ ಮಾತ್ರ ದಸರೆಯ ನಂತರವೇ. ಈ ತೇವದಲ್ಲಿ ಕಾಗದ ಕೊಯ್ಸುವ ತಪ್ಪನ್ನು ಇನ್ನೊಮ್ಮೆ ಮಾಡಲಾರೆ.