ಫಾಫ್ಸಾ ಫಾರಂನಲ್ಲಿ ಅಪ್ಪ-ಅಮ್ಮನ ವಿವರ ತುಂಬುವುದು ಹೇಗೆ?

ಅಮೆರಿಕದಲ್ಲಿ ಮಕ್ಕಳು ಕಾಲೇಜಿಗೆ ಹೊರಟರೆ, ಫೀಸಿನ ನೆರವಿಗೆ ಮೊದಲು ತುಂಬಬೇಕಾದ ಫಾರಂ ಫಾಫ್ಸಾ. ಇದಕ್ಕೆ ದುಡ್ಡು ಕಟ್ಟಬೇಕಿಲ್ಲ. ಮಕ್ಕಳ ಭಾಗ ಬೇಗ ಮುಗಿಯುತ್ತದೆ. ತಲೆ ಕೆಡುವುದು ಹೆತ್ತವರ ಭಾಗದಲ್ಲಿ.

ನಿಮ್ಮ ವಿವರ ಬೇಕೇ ಅಂತ ಮೊದಲು ನೋಡಿ. 2026–27ರ ಫಾರಂನಲ್ಲಿ, 2003ರ ಜನವರಿ 1ಕ್ಕಿಂತ ಮುಂಚೆ ಹುಟ್ಟಿದವರು, ಮದುವೆಯಾದವರು, ಮಾಸ್ಟರ್ಸ್ ಓದುವವರು ಅಪ್ಪ-ಅಮ್ಮನ ವಿವರ ಕೊಡಬೇಕಿಲ್ಲ. ಇನ್ನೂ ಕೆಲವು ವಿನಾಯಿತಿಗಳಿವೆ. ಆದರೆ ‘ನಾನು ಬೇರೆ ರೂಮಲ್ಲಿದ್ದೀನಿ, ನನ್ನ ಖರ್ಚು ನಾನೇ ನೋಡ್ಕೋತೀನಿ’ ಅಂದರೆ ನಡೆಯುವುದಿಲ್ಲ.

ಇನ್ನು ‘ಹೆತ್ತವರು’ ಯಾರು ಅನ್ನೋದು. ಗಂಡ-ಹೆಂಡತಿ ಟ್ಯಾಕ್ಸ್ ಒಟ್ಟಿಗೆ ತುಂಬಿದ್ದರೆ ಒಬ್ಬರು ಫಾಫ್ಸಾದ ಸರ್ಕಾರಿ ವೆಬ್‌ಸೈಟಿನಲ್ಲಿ ಖಾತೆ ತೆರೆದು ಸಹಿ ಮಾಡಿದರೆ ಸಾಕು. ಬೇರೆ ಬೇರೆ ತುಂಬಿದ್ದರೆ ಇಬ್ಬರೂ ಬೇಕು. ವಿಚ್ಛೇದನವಾಗಿದ್ದರೆ, ಕಳೆದ 12 ತಿಂಗಳಲ್ಲಿ ಮಗುವಿಗೆ ಜಾಸ್ತಿ ಖರ್ಚು ಮಾಡಿದವರು ಯಾರೋ ಅವರು. ಮಗು ಯಾರ ಮನೆಯಲ್ಲಿದೆ ಅಂತ ನೋಡುತ್ತಿದ್ದದ್ದು ಹಳೇ ನಿಯಮ, 2024–25ರಿಂದ ಅದು ಹೋಯಿತು. ಅವರು ಮರುಮದುವೆಯಾಗಿದ್ದರೆ ಹೊಸ ಸಂಗಾತಿಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಅಜ್ಜಿ-ತಾತ, ಚಿಕ್ಕಪ್ಪ ಸಾಕಿದ್ದರೂ ಕಾನೂನುಬದ್ಧವಾಗಿ ದತ್ತು ತೆಗೆದುಕೊಂಡಿರದಿದ್ದರೆ ಹೆತ್ತವರೆನಿಸುವುದಿಲ್ಲ.

ಖಾತೆ ತೆರೆಯುವಾಗ ಸೋಷಿಯಲ್ ಸೆಕ್ಯೂರಿಟಿ ಕಾರ್ಡ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ನಂಬರಿನ ಕಾರ್ಡ್) ಎದುರಿಗಿಟ್ಟುಕೊಳ್ಳಿ. ನಮ್ಮವರು ಎಡವುವುದು ಇಲ್ಲೇ. ಇನಿಷಿಯಲ್ಲು, ಊರ ಹೆಸರು, ಅಪ್ಪನ ಹೆಸರು ಯಾವುದು ಮುಂದೆ, ಯಾವುದು ಹಿಂದೆ ಅಂತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ನಾನು ಆಫೀಸಲ್ಲಿ ಬಳಸುವ ಹೆಸರು ಹಾಕಿದ್ದೆ. ಕಾರ್ಡಿನ ಹೆಸರಿಗೆ ತಾಳೆಯಾಗದೆ ಫಾರಂ ಅಲ್ಲೇ ನಿಂತಿತು. ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿ. ಮಗಳ ಇಮೇಲ್‌ನಲ್ಲೇ ಅಮ್ಮನ ಖಾತೆಯನ್ನೂ ತೆರೆಯೋಣ ಅಂತ ಹೋಗಬೇಡಿ, ಅವರವರ ಖಾತೆಗೆ ಅವರವರ ಇಮೇಲೇ ಬೇಕು.

ಸೋಷಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದ ಹೆತ್ತವರೂ ಖಾತೆ ತೆರೆಯಬಹುದು. ಮಗು ಅಮೆರಿಕದ ಪ್ರಜೆಯಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ನಿಮ್ಮ ಎಚ್-1ಬಿ ಕೆಲಸದ ವೀಸಾ ಅಡ್ಡ ಬರುವುದಿಲ್ಲ. ಮಗುವೇ ಎಚ್-4ರಲ್ಲಿ, ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಇದ್ದರೆ ಮಾತ್ರ ಈ ನೆರವು ಸಿಗುವುದಿಲ್ಲ.

ಮುಂದೆ ಒಪ್ಪಿಗೆ ಕೇಳುತ್ತದೆ. ಕೊಟ್ಟರೆ ಟ್ಯಾಕ್ಸ್ ಇಲಾಖೆಯಿಂದ ನಿಮ್ಮ ವಿವರ ನೇರವಾಗಿ ಫಾರಂಗೆ ಬರುತ್ತದೆ. ಟ್ಯಾಕ್ಸ್ ತುಂಬದವರೂ ಒಪ್ಪಿಗೆ ಕೊಡಲೇಬೇಕು, ಇಲ್ಲದಿದ್ದರೆ ಫೆಡರಲ್ (ಕೇಂದ್ರ ಸರ್ಕಾರದ) ನೆರವು ಇಲ್ಲ. ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಮಗುವಿನ ಸಾಲ ನಿಮ್ಮ ತಲೆ ಮೇಲೆ ಬರುವುದಿಲ್ಲ.

ಆಸ್ತಿ ಕೇಳಿದರೆ, ಸಹಿ ಹಾಕುವ ದಿನದ ಲೆಕ್ಕ ಕೊಡಿ. ವಾಸದ ಮನೆ, 401ಕೆ ನಿವೃತ್ತಿ ಹಣ ಸೇರಿಸಬೇಡಿ. ಗೊತ್ತಿಲ್ಲದೆ ಸೇರಿಸಿ ನೆರವು ಕಳೆದುಕೊಳ್ಳುವವರು ಇದ್ದಾರೆ. ಬ್ಯಾಂಕಿನ ಹಣ, ಷೇರು ಸೇರುತ್ತವೆ. ಊರಲ್ಲಿ ಕೊಂಡ ಸೈಟೂ ಸೇರುತ್ತದೆ, ಸ್ವಾಮಿ! ಅದರ ಮೇಲೆ ಸಾಲ ಇದ್ದರೆ ಕಳೆದು, ಉಳಿದದ್ದನ್ನು ಡಾಲರಿನಲ್ಲಿ ಹಾಕಿ.

2026–27ರ ಫಾರಂ ನೋಡುವುದು 2024ರ ಆದಾಯವನ್ನು. ಆಮೇಲೆ ಕೆಲಸ ಹೋಗಿದ್ದರೂ ಅಂಕಿ ತಿದ್ದಲು ಹೋಗಬೇಡಿ. ಇದ್ದ ಹಾಗೇ ಕಳಿಸಿ. ಆಮೇಲೆ ಕೆಲಸದಿಂದ ತೆಗೆದ ಪತ್ರ ಹಿಡಿದು ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಹೋಗಿ ಕೇಳಿ. ಲೆಕ್ಕ ಬದಲಿಸುವ ಅಧಿಕಾರ ಅವರಿಗಿದೆ.