ಸೀಲ್ ಒಡೆಯದ ವಿಡಿಯೊ ಗೇಮ್‌ಗಳು: ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ, ಕಾಪಾಡುವುದು ಹೇಗೆ

ವಿಡಿಯೊ ಗೇಮ್ ಕೊಂಡವರು ಮನೆಗೆ ಬಂದ ಕೂಡಲೇ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು ಎಸೆಯುತ್ತಾರೆ. ಹೀಗೆ ಎಲ್ಲರೂ ಎಸೆಯುವುದರಿಂದಲೇ ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಯಲ್ಲಿಯೇ ಉಳಿದ ಪ್ರತಿಗಳು ವರ್ಷ ಕಳೆದಂತೆ ವಿರಳವಾಗುತ್ತವೆ, ಅವುಗಳನ್ನು ಹುಡುಕಿ ತೆರೆಯದೆ ಕಾಪಾಡುವ ಸಂಗ್ರಾಹಕರೂ ಹುಟ್ಟಿಕೊಳ್ಳುತ್ತಾರೆ. ಈ ಹವ್ಯಾಸದಲ್ಲಿ ನಾವು ಹಣ ತೆರುವುದು ಬಹುಪಾಲು ಆ ಹೊದಿಕೆಗೆ, ಅದರ ಬೆಸುಗೆಗೆ, ಅದರ ಮೇಲೆ ಅಂಟಿಸಿದ ಬೆಲೆಚೀಟಿಗೆ. ಒಳಗಿನ ವಸ್ತುವನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿಯೇ ಇಲ್ಲವಾದ್ದರಿಂದ, ಆ ಸಾಕ್ಷಿಯನ್ನು ಓದಲು ಕಲಿಯುವುದು ಮತ್ತು ಕೆಡದಂತೆ ಉಳಿಸುವುದು ಸಂಗ್ರಾಹಕನ ನಿಜವಾದ ಕೆಲಸ.

ಅಮೆರಿಕದ ಹರಾಜುಗಳ ಸುದ್ದಿ ಓದಿ ಇದರತ್ತ ಬಂದವರು ನಮ್ಮಲ್ಲಿಯೂ ಇದ್ದಾರೆ. 2021ರ ಜುಲೈ ತಿಂಗಳಲ್ಲಿ ಹೆರಿಟೇಜ್ ಆಕ್ಷನ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಸೀಲ್ ಒಡೆಯದ ‘ದಿ ಲೆಜೆಂಡ್ ಆಫ್ ಝೆಲ್ಡಾ’ದ ಆರಂಭಿಕ ಪ್ರತಿಯೊಂದು 8.7 ಲಕ್ಷ ಡಾಲರ್‌ಗೆ ಹೋಯಿತು. ಎರಡೇ ದಿನಗಳ ನಂತರ ‘ಸೂಪರ್ ಮಾರಿಯೊ 64’ರ ಪ್ರತಿಯೊಂದು 15.6 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಝೆಲ್ಡಾದ ಆ ಪ್ರತಿ ನಿಜಕ್ಕೂ ಅಪರೂಪದ್ದು. ಮಾರಿಯೊ 64 ಹಾಗಲ್ಲ; ಅದು ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾದ ಆಟವಾಗಿದ್ದು, ಆ ಬೆಲೆ ಬಂದದ್ದು ಹೊದಿಕೆ ಮತ್ತು ಪೆಟ್ಟಿಗೆಯ ಸ್ಥಿತಿಗೆ ಪರೀಕ್ಷಕ ಸಂಸ್ಥೆಯಿಂದ ಸಿಕ್ಕ ಅಂಕಗಳಿಂದ. ಆ ವರ್ಷದ ಭರಾಟೆ ಇಳಿದ ಮೇಲೆ ಸಾಮಾನ್ಯ ಆಟಗಳ ಬೆಲೆಗಳೂ ಇಳಿದವು. ಆದ್ದರಿಂದ ಬೆಲೆ ಏರುತ್ತದೆಂಬ ಒಂದೇ ನಂಬಿಕೆಯ ಮೇಲೆ ಉಳಿತಾಯದ ಹಣವನ್ನು ಇದರಲ್ಲಿ ಹಾಕಬಾರದು ಎಂದು ಮೊದಲೇ ಹೇಳುತ್ತೇನೆ.

ಯಾವುದನ್ನು ಸಂಗ್ರಹಿಸಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಕುಳಿತವರು ಅಮೆರಿಕದ ಹಳೆಯ ಕಾರ್ಟ್ರಿಜ್‌ಗಳ (ಡಿಸ್ಕ್‌ಗಳಿಗೆ ಮೊದಲು ಆಟಗಳು ಬರುತ್ತಿದ್ದ, ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಗಳ) ಬೆನ್ನು ಹತ್ತುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಸಾಗಣೆ ಮತ್ತು ಸುಂಕದ ಖರ್ಚು ಒಂದೆಡೆಯಾದರೆ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಕಾದ ಅಪಾಯ ಇನ್ನೊಂದೆಡೆ. ನಮ್ಮ ನೆಲದಲ್ಲಿಯೇ ಮಾರಾಟವಾದ, ಹೊರಗಿನವರಿಗೆ ಸುಲಭವಾಗಿ ಸಿಗದ ಆಟಗಳು ಇರುವಾಗ ಅವುಗಳನ್ನು ಬಿಟ್ಟು ದೂರ ಹೋಗುವ ಅಗತ್ಯವಿಲ್ಲ.

ಸೋನಿ ಕಂಪನಿಯ ಆಟದ ಯಂತ್ರವಾದ ಪ್ಲೇಸ್ಟೇಷನ್ 2ರ ಕೊನೆಯ ವರ್ಷಗಳಲ್ಲಿ ಭಾರತದ ಮಾರುಕಟ್ಟೆಗೆಂದೇ ಕೆಲವು ಆಟಗಳು ಬಂದವು. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ರೂಪಿಸಿದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲಿ ಹೊರಬಂದಿತು, ಪೂರ್ತಿಯಾಗಿ ಭಾರತದಲ್ಲಿಯೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟವೆಂಬ ಹೆಸರು ಅದಕ್ಕಿದೆ. ಅದೇ ವರ್ಷ ಗೇಮ್‌ಶಾಸ್ತ್ರ ಸಂಸ್ಥೆಯ ‘ದೇಸಿ ಅಡ್ಡಾ’, ಮರುವರ್ಷ ಟ್ರೈನ್ ಗೇಮ್ಸ್‌ನ ‘ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್’ ಬಂದವು. ಪ್ಲೇಸ್ಟೇಷನ್ 2 ಯಂತ್ರದ ಉತ್ಪಾದನೆ ನಿಂತ ಸುದ್ದಿ 2013ರ ಜನವರಿಯಲ್ಲಿ ಬಂದ ಮೇಲೂ ‘ಡಾನ್ 2’ ಎಂಬ ಆಟ ಅದೇ ಯಂತ್ರಕ್ಕಾಗಿ ಇಲ್ಲಿ ಬಿಡುಗಡೆಯಾಯಿತು. ಆ ಕಾಲದಲ್ಲಿ ಬಹಳಷ್ಟು ಹುಡುಗರು ನಕಲಿ ಡಿಸ್ಕ್ ಓಡಿಸುವಂತೆ ಮಾರ್ಪಡಿಸಿದ ಯಂತ್ರಗಳಲ್ಲಿ ಆಡುತ್ತಿದ್ದುದರಿಂದ ಅಸಲಿ ಪ್ರತಿಗಳು ಅಂಗಡಿಗಳಲ್ಲಿ ನಿಧಾನವಾಗಿ ಖರ್ಚಾಗುತ್ತಿದ್ದವು. ಹಾಗೆ ಖರ್ಚಾಗದೆ ಉಳಿದ ಮಾಲೇ ಇಂದಿನ ಸಂಗ್ರಾಹಕನಿಗೆ ಆಸರೆ.

ಎಲ್ಲಿ ಹುಡುಕಬೇಕು

ಬೆಳಗಾವಿಯ ಖಡೇಬಜಾರ್ ಮತ್ತು ಗಣಪತ ಗಲ್ಲಿಯ ಸುತ್ತಮುತ್ತ, ಕ್ಯಾಂಪ್ ಪ್ರದೇಶದಲ್ಲಿ, ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ, ಬಾಗಲಕೋಟೆಯ ನವನಗರದಲ್ಲಿ ಹಿಂದೆ ಸಿ.ಡಿ., ಕಂಪ್ಯೂಟರ್, ಟಿ.ವಿ. ಸಾಮಾನು ಮಾರುತ್ತಿದ್ದು ಈಗ ಮೊಬೈಲ್ ವ್ಯಾಪಾರಕ್ಕೆ ತಿರುಗಿರುವ ಅಂಗಡಿಗಳನ್ನು ವಿಚಾರಿಸಬೇಕು. ನಮ್ಮ ಕಡೆಯ ವ್ಯಾಪಾರಿಗಳು ದೀಪಾವಳಿಯ ಪಾಡ್ಯಕ್ಕೆ ಹೊಸ ಲೆಕ್ಕದ ಪುಸ್ತಕ ತೆರೆಯುವ ಮೊದಲು ಅಂಗಡಿ, ಗೋದಾಮು, ಅಟ್ಟಗಳನ್ನೆಲ್ಲ ಕೊಡವಿ ಸ್ವಚ್ಛ ಮಾಡುತ್ತಾರೆ. ಖರ್ಚಾಗದ ಹಳೆಯ ಮಾಲು ಕೆಳಗಿಳಿಯುವುದು ಆಗಲೇ. ಆದ್ದರಿಂದ ನವರಾತ್ರಿಯ ಹೊತ್ತಿಗೇ ಅಂಗಡಿಯವರಿಗೆ ಹೇಳಿಟ್ಟರೆ ಪೆಟ್ಟಿಗೆ ರದ್ದಿಯವನ ಕೈಸೇರುವ ಮೊದಲು ನಿಮಗೆ ಕರೆ ಬರುವ ಸಂಭವ ಹೆಚ್ಚು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ ದೇಶದ ನಾನಾ ಕಡೆ ವಾಸಿಸಿ ಬಂದ ಸೈನಿಕ ಕುಟುಂಬಗಳಿವೆ. ಅವರು ಊರು ಬದಲಿಸುವಾಗ ಮಾರುವ ಸಾಮಾನಿನಲ್ಲಿಯೂ ಇಂಥವು ಸಿಗಬಹುದು.

ಸೀಲ್ ಪರೀಕ್ಷಿಸುವ ಕ್ರಮ

ಇದು ಈ ಹವ್ಯಾಸದ ಜೀವಾಳವಾದ್ದರಿಂದ ಇಲ್ಲಿ ಆತುರ ಪಡಬಾರದು. ತೆರೆದ ಪ್ರತಿಗೆ ಮತ್ತೆ ಪ್ಲಾಸ್ಟಿಕ್ ಸುತ್ತುವುದು ಕಷ್ಟದ ಕೆಲಸವಲ್ಲ. ಬಿಸಿಗಾಳಿಯ ಯಂತ್ರವೂ ಸುತ್ತುವ ಹಾಳೆಯೂ ಎಲ್ಲೆಡೆ ಸಿಗುತ್ತವೆ. ಇದಲ್ಲದೆ ಮೋಸದ ಉದ್ದೇಶವಿಲ್ಲದೆಯೂ ಮರುಸುತ್ತು ನಡೆದಿರುತ್ತದೆ: ಕಳವಿನ ಭಯಕ್ಕೆ ಡಿಸ್ಕನ್ನು ಗಲ್ಲಾದ ಹಿಂದಿಟ್ಟು ಖಾಲಿ ಪೆಟ್ಟಿಗೆಯನ್ನು ಪ್ರದರ್ಶನಕ್ಕೆ ಇಡುತ್ತಿದ್ದ ಅಂಗಡಿಗಳು ಮಾರುವ ಮುನ್ನ ಎರಡನ್ನೂ ಕೂಡಿಸಿ ಸುತ್ತಿ ಕೊಡುತ್ತಿದ್ದವು.

ಮೊದಲು ಪೆಟ್ಟಿಗೆಯ ತುದಿಗಳನ್ನು ನೋಡಿ. ಡಿ.ವಿ.ಡಿ. ಅಳತೆಯ ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ತೆಳುವಾದ ಹಾಳೆಯನ್ನು ಊದಿನಕಡ್ಡಿಯ ಪೊಟ್ಟಣಕ್ಕೆ ಸುತ್ತುವಂತೆ ಸುತ್ತಿ, ಮೇಲಿನ ಮತ್ತು ಕೆಳಗಿನ ತುದಿಗಳಲ್ಲಿ ಮಡಚಿ ಶಾಖದಿಂದ ಅಂಟಿಸಿರುತ್ತಾರೆ. ಮಡಿಕೆಗಳ ಅಂಚುಗಳು ನೇರವಾಗಿಯೂ ಎರಡೂ ತುದಿಗಳಲ್ಲಿ ಒಂದೇ ಬಗೆಯಾಗಿಯೂ ಇರಬೇಕು. ಮನೆಯಲ್ಲಿ ಸುತ್ತಿದ ಕುಗ್ಗುವ ಪ್ಲಾಸ್ಟಿಕ್ ಹಾಗಿರುವುದಿಲ್ಲ: ಅದು ಮೂಲೆಗಳಲ್ಲಿ ಮುದ್ದೆಗಟ್ಟಿರುತ್ತದೆ, ಅಂಚಿನುದ್ದಕ್ಕೂ ಬಿಸಿತಂತಿಯಿಂದ ಕತ್ತರಿಸಿದ ಒರಟು ಬೆಸುಗೆ ಓಡಿರುತ್ತದೆ. ಝೆಲ್ಡಾ, ಮಾರಿಯೊ ಆಟಗಳನ್ನು ಹೊರತಂದ ನಿಂಟೆಂಡೊ ಕಂಪನಿಯ ಹಳೆಯ ರಟ್ಟಿನ ಪೆಟ್ಟಿಗೆಗಳಿಗೆ ಬೇರೆಯದೇ ಲಕ್ಷಣವಿದೆ. ಅವುಗಳ ಹಿಂಬದಿಯ ಬೆಸುಗೆ ಎಚ್ ಅಕ್ಷರದ ಆಕಾರದಲ್ಲಿ ಕಾಣುತ್ತದೆ. ಆರಂಭದ ಕೆಲವು ಪ್ರತಿಗಳಿಗಂತೂ ಹೊದಿಕೆಯೇ ಇರಲಿಲ್ಲ, ಮುಚ್ಚಳಕ್ಕೆ ದುಂಡನೆಯ ಸ್ಟಿಕರ್ ಮಾತ್ರ ಅಂಟಿಸಿದ್ದರು. ಯಾವ ಕಂಪನಿ, ಯಾವ ದೇಶ, ಯಾವ ವರ್ಷ ಎಂಬುದರ ಮೇಲೆ ಹೊದಿಕೆಯ ರೀತಿ ಬದಲಾಗುವುದರಿಂದ, ಅಸಲಿಯೆಂದು ಖಚಿತವಾಗಿರುವ ಅದೇ ಆಟದ ಇನ್ನೊಂದು ಪ್ರತಿಯ ಚಿತ್ರದೊಂದಿಗೆ ಹೋಲಿಸದೆ ತೀರ್ಮಾನಕ್ಕೆ ಬರಬೇಡಿ. ಹಾಳೆಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿವೆ ಎಂದ ಮಾತ್ರಕ್ಕೆ ಅದನ್ನು ನಕಲಿ ಎನ್ನಲಾಗದು. ಗಾಳಿ ಹೊರಹೋಗಲೆಂದು ಕೆಲವು ಕಾರ್ಖಾನೆಗಳೂ ರಂಧ್ರ ಬಿಡುತ್ತಿದ್ದವು.

ಮುಂದೆ ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚ್ ಬೆಳಕನ್ನು ಪೆಟ್ಟಿಗೆಯ ಮೇಲ್ಮೈಗೆ ಸಮಾನಾಂತರವಾಗಿ, ಬದಿಯಿಂದ ಬಿಡಬೇಕು. ಹೊದಿಕೆಯ ಮೇಲೆ ಗೀರುಗಳಿದ್ದರೆ ಚಿಂತೆಯಿಲ್ಲ. ಹೊದಿಕೆಗೆ ಏನೂ ಆಗದೆ ಅದರ ಕೆಳಗಿನ ಪೆಟ್ಟಿಗೆಯ ಮೇಲೆ ಗೀರು, ಬೆರಳಚ್ಚು, ಕಿತ್ತ ಚೀಟಿಯ ಅಂಟು ಕಂಡರೆ ಆ ಪೆಟ್ಟಿಗೆ ಒಮ್ಮೆ ಹೊರಗೆ ಬಳಕೆಯಲ್ಲಿತ್ತೆಂದೇ ಅರ್ಥ. ಬಳಿಕ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ವಾಲಿಸಿ. ಡಿಸ್ಕ್ ಕಳಚಿ ಅಲ್ಲಾಡುವ ಸದ್ದು ಬಂದರೆ ಒಳಗೆ ಉಜ್ಜಿ ಗೀರು ಬೀಳುತ್ತಿದೆ ಎಂದು ತಿಳಿಯಬೇಕು. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದೇ ಆಟದ ಪೂರ್ಣ ಪ್ರತಿಯ ತೂಕದೊಂದಿಗೆ ಹೋಲಿಸಿದರೆ ಕೈಪಿಡಿಯೋ ಡಿಸ್ಕೋ ಇಲ್ಲದಿರುವುದು ಪತ್ತೆಯಾಗುತ್ತದೆ.

ಬೆಲೆಚೀಟಿ ಮತ್ತು ರಸೀದಿಯನ್ನು ಓದುವುದು

ಭಾರತದಲ್ಲಿ ಮಾರಾಟವಾದ ಪ್ರತಿಗಳಿಗೆ ಅಮೆರಿಕದ ಪ್ರತಿಗಳಿಗಿಲ್ಲದ ಒಂದು ಅನುಕೂಲವಿದೆ. ಆಮದು ಮಾಡಿದ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಿಂಗಳು, ವರ್ಷ ಮತ್ತು ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ನಮೂದಿಸುವುದು ನಮ್ಮಲ್ಲಿ ಕಡ್ಡಾಯ. ಈ ಚೀಟಿ ಹೊದಿಕೆಯ ಮೇಲೆಯೇ ಅಂಟಿರುವುದರಿಂದ ನೋಡಲು ಅಂದಗೆಡಿಸುತ್ತದೆಂದು ಹಲವರು ಕೀಳುತ್ತಾರೆ. ಹಾಗೆ ಕಿತ್ತರೆ ಹಾಳೆ ಹರಿಯುತ್ತದೆ, ಆ ಪ್ರತಿ ಇಲ್ಲಿಯದೆಂಬುದಕ್ಕೆ ಇದ್ದ ದಾಖಲೆಯೂ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಚೀಟಿಯಿರುವ ಪ್ರತಿಯೇ ಹೆಚ್ಚು ಬೆಲೆಯುಳ್ಳದ್ದು.

ಚೀಟಿಯನ್ನು ಓದುವಾಗ ಇತಿಹಾಸ ನೆನಪಿರಲಿ. ರೂಪಾಯಿಯ ₹ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿಕೊಂಡದ್ದು 2010ರ ಜುಲೈ 15ರಂದು. 2009ರದೆಂದು ಹೇಳುವ ಚೀಟಿಯಲ್ಲಿ ಆ ಚಿಹ್ನೆಯಿದ್ದರೆ ಚೀಟಿಯನ್ನು ನಂಬುವಂತಿಲ್ಲ. ರಸೀದಿಗೂ ಇದೇ ಮಾತು ಅನ್ವಯಿಸುತ್ತದೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೂ ಹಿಂದಿನ ರಸೀದಿಯಲ್ಲಿ ಹಿಂದಿನ ಮಾರಾಟ ತೆರಿಗೆಯಾದ ವ್ಯಾಟ್ ಕಾಲದ 11 ಅಂಕಿಗಳ ಟಿನ್ (ವ್ಯಾಪಾರಿಯ ತೆರಿಗೆ ನೋಂದಣಿ) ಸಂಖ್ಯೆ ಇರಬೇಕೇ ಹೊರತು 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರುವುದು ಸಾಧ್ಯವಿಲ್ಲ. ಹಳೆಯ ರಸೀದಿಗಳು ಶಾಖಕ್ಕೆ ಮೂಡುವ ಕಾಗದದಲ್ಲಿದ್ದರೆ ಬೇಗನೆ ಮಾಸುತ್ತವೆ, ಆದ್ದರಿಂದ ಸಿಕ್ಕ ದಿನವೇ ಚಿತ್ರ ತೆಗೆದಿಡಿ.

ನಮ್ಮ ಬಿಸಿಲಿನಲ್ಲಿ, ನಮ್ಮ ಮಳೆಯಲ್ಲಿ ಕಾಪಾಡುವುದು

ವಿದೇಶದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಲಾಗದು. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ, ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಅದಕ್ಕಿಂತಲೂ ಕಾಯುತ್ತದೆ. ಕುಗ್ಗುವ ಪ್ಲಾಸ್ಟಿಕ್ ಶಾಖಕ್ಕೆ ಇನ್ನಷ್ಟು ಬಿಗಿದು ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಬಾಗಿಸುತ್ತದೆ, ಕೊನೆಗೆ ಮೂಲೆಯಲ್ಲಿ ತಾನೇ ಸೀಳುತ್ತದೆ. ಈ ಜಿಲ್ಲೆಗಳ ಹಳೆಯ ಮಾಳಿಗೆ ಮನೆಗಳಿದ್ದವರು ಪುಣ್ಯವಂತರು. ದಪ್ಪ ಗೋಡೆಯ ನಡುಮನೆಯ ತಂಪು ಹಗಲಿರುಳು ಹೆಚ್ಚು ಬದಲಾಗದಿರುವುದರಿಂದ ಸಂಗ್ರಹಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಸ ಮನೆಗಳಲ್ಲಿ ನೆಲಮಹಡಿಯ, ಪಶ್ಚಿಮದ ಬಿಸಿಲು ಬೀಳದ ಒಳಗೋಡೆಗೆ ಕಪಾಟನ್ನು ಇಡಬೇಕು.

ಬೆಳಗಾವಿಯ ಕಷ್ಟ ಬೇರೆ ಬಗೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿಯುವ ಜಡಿಮಳೆಯಲ್ಲಿ ಹೊರಗೋಡೆಗಳು ತೇವ ಕಾರುತ್ತವೆ, ರಟ್ಟು ಉಬ್ಬುತ್ತದೆ, ಹೊದಿಕೆಯ ಒಳಗಿನ ಕಾಗದಕ್ಕೆ ಬೂಷ್ಟು ಹತ್ತುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವನ್ನು ಕಪಾಟಿನಲ್ಲಿಟ್ಟು, ಅಂಕಿ ಶೇ 40ರಿಂದ 50ರ ಆಸುಪಾಸಿನಲ್ಲಿ ಇರುವಂತೆ ಸಿಲಿಕಾ ಜೆಲ್ ಚೀಲಗಳನ್ನು ಇಡಬೇಕು. ಬೇಸಿಗೆಯಲ್ಲಿ ಅವುಗಳನ್ನು ತೆಗೆದುಬಿಡಿ. ಅತಿಯಾಗಿ ಒಣಗಿದರೂ ರಟ್ಟು ಕೆಡುತ್ತದೆ.

ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳನ್ನು ಟ್ರಂಕಿನಲ್ಲಿಡುವಾಗ ನುಸಿಗುಳಿಗೆ ಹಾಕುವುದು ಹಲವು ಮನೆಗಳಲ್ಲಿ ರೂಢಿ. ಆಟಗಳನ್ನು ಆ ಟ್ರಂಕಿನಲ್ಲಿ ಎಂದಿಗೂ ಇಡಬಾರದು. ಮೊದಲ ಪ್ಲೇಸ್ಟೇಷನ್‌ನ ಆಟಗಳು ಬರುತ್ತಿದ್ದ ಸಿ.ಡಿ. ಪೆಟ್ಟಿಗೆಗಳು ಪಾಲಿಸ್ಟೈರೀನ್‌ನವು, ನುಸಿಗುಳಿಗೆಯ ಆವಿ ಆ ಪ್ಲಾಸ್ಟಿಕನ್ನು ಮೆದುವಾಗಿಸಿ ಹಾಳುಮಾಡುತ್ತದೆ. ಪ್ರತಿಯೊಂದು ಪೆಟ್ಟಿಗೆಗೂ ಪೆಟ್ (ನೀರಿನ ಬಾಟಲಿ ಮಾಡುವ ಬಗೆಯ) ಪ್ಲಾಸ್ಟಿಕ್‌ನ ರಕ್ಷಾಕವಚ ಹಾಕಿ, ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿಡಿ. ಪಿವಿಸಿ ಕವಚ ಅಗ್ಗವೆಂದು ಕೊಳ್ಳಬೇಡಿ, ಅದು ವರ್ಷಗಳಲ್ಲಿ ಜಿಡ್ಡು ಬಿಟ್ಟು ಹೊದಿಕೆಗೆ ಅಂಟಿಕೊಳ್ಳುತ್ತದೆ. ಸಾಗಿಸುವಾಗ ಗುಳ್ಳೆ ಪ್ಲಾಸ್ಟಿಕನ್ನು ನೇರವಾಗಿ ಸುತ್ತಿದರೆ ಬಿಸಿಗೆ ಗುಳ್ಳೆಗಳ ಗುರುತು ಮೂಡುತ್ತದೆ. ನಡುವೆ ತೆಳು ಕಾಗದವಿರಲಿ.

ಒಳಗೆ ಏನಾಗುತ್ತದೆ

ತೆರೆಯದಿದ್ದರೂ ಒಳಗಿನ ವಸ್ತುವಿಗೆ ವಯಸ್ಸಾಗುತ್ತದೆ. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಝೆಲ್ಡಾ ಕಾರ್ಟ್ರಿಜ್‌ನಲ್ಲಿ ಆಟದ ಹಂತವನ್ನು ಉಳಿಸಲು ಒಂದು ಬಟನ್ ಬ್ಯಾಟರಿಯಿದೆ. ಅಂಥ ಬ್ಯಾಟರಿಗಳ ಆಯುಷ್ಯ ಕೆಲವು ದಶಕಗಳಷ್ಟೇ. ಡಿಸ್ಕ್‌ಗಳಲ್ಲಿ ಪ್ರತಿಫಲಿಸುವ ಅಲ್ಯೂಮಿನಿಯಂ ಪದರಕ್ಕೆ ಗಾಳಿ ತಾಗಿದರೆ ಅದು ಆಕ್ಸೈಡ್ ಆಗಿ ಓದಲಾರದಂತಾಗುತ್ತದೆ. ಇಂಟರ್ನೆಟ್ ಮೂಲಕ ಸಕ್ರಿಯಗೊಳಿಸಬೇಕಾದ ಕಂಪ್ಯೂಟರ್ ಆಟಗಳಲ್ಲಿ ಕಂಪನಿಯ ಸರ್ವರ್ ಮುಚ್ಚಿದ ದಿನವೇ ಒಳಗಿನ ಸಂಕೇತ ಸಂಖ್ಯೆ ನಿರುಪಯುಕ್ತವಾಗುತ್ತದೆ. ಇವನ್ನು ಸಂಗ್ರಾಹಕ ತಡೆಯಲಾರ, ಪರೀಕ್ಷಿಸಲೂ ಆರ. ಆಟವನ್ನು ಆಡುವ ಆಸೆಯಿದ್ದರೆ ತೆರೆದ ಪ್ರತಿಯೊಂದನ್ನು ಬೇರೆಯಾಗಿ ಕೊಳ್ಳಿ. ಅದು ಅಗ್ಗವೂ ಹೌದು, ಮೊದಲೇ ಹೇಳಿದ ತೂಕದ ಹೋಲಿಕೆಗೂ ಒದಗುತ್ತದೆ.

ಅಂಕ ಹಾಕಿಸಬೇಕೆ?

ಅಮೆರಿಕದ ವಾಟಾ, ವಿಜಿಎ ಮೊದಲಾದ ಸಂಸ್ಥೆಗಳು ಪ್ರತಿಯನ್ನು ಪರೀಕ್ಷಿಸಿ, ಅಂಕ ನೀಡಿ, ಗಟ್ಟಿ ಪಾರದರ್ಶಕ ಕವಚದಲ್ಲಿ ಮುಚ್ಚಿ ಕೊಡುತ್ತವೆ. ವಾಟಾ ಪೆಟ್ಟಿಗೆಗೆ 10ರವರೆಗಿನ ಅಂಕವನ್ನೂ ಹೊದಿಕೆಗೆ ಪ್ರತ್ಯೇಕವಾಗಿ ಎ++ವರೆಗಿನ ದರ್ಜೆಯನ್ನೂ ಕೊಡುತ್ತದೆ. ಸಾಗರ ದಾಟಿಸಿ ಮರಳಿ ತರಿಸುವ ಖರ್ಚನ್ನು ಲೆಕ್ಕ ಹಾಕಿದರೆ ಭಾರತದ ಪ್ಲೇಸ್ಟೇಷನ್ 2 ಆಟಗಳಿಗೆ ಇದು ಸದ್ಯಕ್ಕೆ ತಕ್ಕುದಲ್ಲ.

ಅದರ ಬದಲು ದಪ್ಪ ರಟ್ಟಿನ ವಹಿಯೊಂದನ್ನು ಇಟ್ಟು, ಪ್ರತಿಯೊಂದಕ್ಕೂ ಒಂದು ಪುಟ ಮೀಸಲಿಡಿ: ಪೆಟ್ಟಿಗೆಯ ಬೆನ್ನಿನ ಮೇಲಿನ ಸಂಕೇತ, ಬಾರ್‌ಕೋಡ್, ತೂಕ, ಕೊಂಡ ಊರು ಮತ್ತು ದಿನಾಂಕ, ಕೊಟ್ಟ ಬೆಲೆ, ಆರೂ ಮುಖಗಳ ಚಿತ್ರ, ರಸೀದಿಯ ಪ್ರತಿ. ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಎಲ್ಲವನ್ನೂ ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ನೋಡಿ, ಹೊಸ ಬದಲಾವಣೆ ಕಂಡರೆ ದಿನಾಂಕದೊಂದಿಗೆ ಬರೆಯಿರಿ. ಹೊದಿಕೆ ಎಲ್ಲಿಯಾದರೂ ಸೀಳಿದ್ದರೆ ಟೇಪ್ ಹಚ್ಚಬೇಡಿ, ಬಿಸಿ ತಾಗಿಸಿ ಬೆಸೆಯಲೂ ಹೋಗಬೇಡಿ; ಸೀಳಿನ ಉದ್ದವನ್ನು ಅಳೆದು ವಹಿಯಲ್ಲಿ ಗುರುತಿಸಿ, ಪೆಟ್ಟಿಗೆಯನ್ನು ಕವಚದೊಳಗೆ ಹಾಗೆಯೇ ಮರಳಿ ಇಡಿ, ಮುಂದೆ ಮಾರುವ ಸಂದರ್ಭ ಬಂದರೆ ಆ ಪುಟವನ್ನು ಕೊಳ್ಳುವವರಿಗೆ ತೋರಿಸಿ.