ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಹಕ್ಕು: ಶಹಾಪುರ ತಾಲ್ಲೂಕಿನ ಶಾಲೆಯೊಂದರ ಅನುಭವ

ಮಕ್ಕಳ ಹಕ್ಕುಗಳ ಮಾತನ್ನು ತರಗತಿಯ ಪಾಠಕ್ಕಿಂತ ಮೊದಲು ಬೆಳಗಿನ ಪ್ರಾರ್ಥನಾ ಸಭೆಗೆ ತರಬೇಕೆಂದು ನಾನು ನಿರ್ಧರಿಸಿದ್ದಕ್ಕೆ ಒಂದೇ ಕಾರಣವಿತ್ತು. ಹಕ್ಕು ಯಾರದೋ ಆ ಮಕ್ಕಳು, ಅದನ್ನು ನಡೆಸಿಕೊಡಬೇಕಾದ ಶಿಕ್ಷಕರು, ಅಡುಗೆಯವರು, ಒಮ್ಮೊಮ್ಮೆ ಶಾಲಾಭಿವೃದ್ಧಿ ಸಮಿತಿಯವರು, ಎಲ್ಲರೂ ಒಬ್ಬರ ಮಾತು ಒಬ್ಬರಿಗೆ ಕೇಳುವಂತೆ ಒಂದೇ ಅಂಗಳದಲ್ಲಿ ನಿಲ್ಲುವ ಹೊತ್ತು ಅದು. ನಾನು ಮುಖ್ಯ ಗುರುವಾಗಿರುವುದು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಊರಿನ ಸುತ್ತ ಹತ್ತಿ, ತೊಗರಿ, ಕಾಲುವೆ ನೀರು ಬಂದ ಕಡೆ ಭತ್ತ. ಮಕ್ಕಳಲ್ಲಿ ಹಲವರ ತಂದೆತಾಯಿ ವರ್ಷದ ಕೆಲವು ತಿಂಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವವರು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಅಂಗೀಕಾರವಾಯಿತು, ಭಾರತ ಅದಕ್ಕೆ 1992ರ ಡಿಸೆಂಬರ್ 11ರಂದು ಒಪ್ಪಿಗೆ ನೀಡಿತು, ಅದರಲ್ಲಿ 54 ವಿಧಿಗಳಿವೆ. ಇಷ್ಟನ್ನು ನವೆಂಬರ್ 14ರ ಭಾಷಣದಲ್ಲಿ ಹೇಳಿ, ಬದುಕುವ ಹಕ್ಕು, ರಕ್ಷಣೆಯ ಹಕ್ಕು, ವಿಕಾಸದ ಹಕ್ಕು, ಭಾಗವಹಿಸುವ ಹಕ್ಕು ಎಂದು ಮಕ್ಕಳಿಂದ ಮಗ್ಗಿಯಂತೆ ಹೇಳಿಸಿ ಚಪ್ಪಾಳೆ ಹೊಡೆಸುವುದು ಎಲ್ಲ ಕಡೆ ನಡೆಯುವ ಕ್ರಮ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ಮಗುವಿಗೆ ಆ ದಿನ ಸಿಗುವುದು ಚಾಕಲೇಟು ಮಾತ್ರ. ಬೆಳಿಗ್ಗೆ ಹೇಳಿದ ಹಕ್ಕು ನಿಜವೋ ಅಲ್ಲವೋ ಎಂಬುದನ್ನು ಮಧ್ಯಾಹ್ನದೊಳಗೆ ಶಾಲೆಯ ಅಂಗಳದಲ್ಲೇ ಮಗು ತಾನಾಗಿ ನೋಡಿ ತಿಳಿಯುವಂತಿರಬೇಕು. ದೂರದ ಹಕ್ಕುಗಳು ಆಮೇಲೆ ಬರಲಿ ಎಂಬುದು ನನ್ನ ನಿಲುವು.

ಹಾಗಾಗಿ ಮೊದಲು ಸರಿಪಡಿಸಿದ್ದು ಪ್ರಾರ್ಥನಾ ಸಭೆಯನ್ನೇ. ತಡವಾಗಿ ಬಂದವರನ್ನು ಸಾಲಿನ ಹೊರಗೆ ಬಿಸಿಲಿನಲ್ಲಿ ನಿಲ್ಲಿಸುವುದು, ಸಮವಸ್ತ್ರವಿಲ್ಲದವರನ್ನು ಹೆಸರು ಹಿಡಿದು ಮುಂದೆ ಕರೆಯುವುದು, ಉಗುರು ಬೆಳೆದ ಕೈಯನ್ನು ಎಲ್ಲರಿಗೂ ತೋರಿಸುವುದು ನಾನು ಅಧಿಕಾರ ವಹಿಸಿಕೊಂಡಾಗ ಅಲ್ಲಿನ ರೂಢಿಯಾಗಿತ್ತು. ಇವೆಲ್ಲ ನಡೆಯುವ ಜಾಗದಲ್ಲಿ ನಿಂತು ಮಗುವಿನ ಘನತೆಯ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೂ ಮಕ್ಕಳು ನಂಬುವುದಿಲ್ಲ. ಸಭೆಯನ್ನು ಬೇವಿನ ಮರದ ನೆರಳಿಗೆ ಸರಿಸಿದೆವು. ತಡವಾಗಿ ಬಂದವರು ಸದ್ದಿಲ್ಲದೆ ತಮ್ಮ ತರಗತಿಯ ಸಾಲಿನ ಕೊನೆಗೆ ಸೇರಿಕೊಳ್ಳಬೇಕು, ಕಾರಣವನ್ನು ತರಗತಿ ಶಿಕ್ಷಕರು ಆಮೇಲೆ ಒಬ್ಬರನ್ನೇ ಕೇಳಬೇಕು ಎಂದು ಗೊತ್ತುಮಾಡಿದೆವು. ತಡವಾಗುತ್ತಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಮನೆಯ ಎಳೆಯ ತಮ್ಮ ತಂಗಿಯರನ್ನು ಅಂಗನವಾಡಿಗೆ ಬಿಟ್ಟು ಬರುವವರು ಎಂಬ ಸಂಗತಿ ಹೀಗೆ ಕೇಳಿದ್ದರಿಂದಲೇ ತಿಳಿಯಿತು.

ಸಭೆಗೆ ಸಿಗುವ ಸಮಯ ಕಡಿಮೆ. ನಾಡಗೀತೆ, ಸಂವಿಧಾನದ ಪೀಠಿಕೆಯ ಓದು, ಸುದ್ದಿ, ಸುಭಾಷಿತ, ರಾಷ್ಟ್ರಗೀತೆ ಇವುಗಳ ನಡುವೆ ಐದಾರು ನಿಮಿಷ ದಕ್ಕಿದರೆ ದೊಡ್ಡದು. ಆದ್ದರಿಂದ ವಾರಕ್ಕೆ ಒಂದೇ ವಿಷಯ ಇಟ್ಟುಕೊಂಡೆವು. ಸೋಮವಾರ ಆರು, ಏಳನೆಯ ತರಗತಿಯ ಮಕ್ಕಳು ಒಂದು ಪ್ರಶ್ನೆ ಇಡುತ್ತಾರೆ, ವಾರದ ನಡುವೆ ಅದಕ್ಕೆ ಸಂಬಂಧಿಸಿದ ಕಾಯ್ದೆಯ ಸಾಲನ್ನು ಸರಳ ಕನ್ನಡದಲ್ಲಿ ಓದುತ್ತಾರೆ, ಶನಿವಾರ ನಾವು ದೊಡ್ಡವರು ಎಲ್ಲರ ಎದುರಿಗೆ ಉತ್ತರ ಕೊಡುತ್ತೇವೆ. ‘ಆಗುತ್ತದೆ’, ‘ಆಗುವುದಿಲ್ಲ, ಕಾರಣ ಇದು’, ‘ಪಂಚಾಯಿತಿಗೆ ಬರೆದಿದ್ದೇವೆ’ ಈ ಮೂರರಲ್ಲಿ ಒಂದನ್ನು ಹೇಳಲೇಬೇಕು. ‘ನೋಡೋಣ’ ಎನ್ನುವಂತಿಲ್ಲ. ಈ ಕ್ರಮದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಶನಿವಾರವೇ.

ಊಟದ ಹಕ್ಕಿನ ವಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲಾ ದಿನಗಳಲ್ಲಿ ಮಧ್ಯಾಹ್ನದ ಊಟ ಸರ್ಕಾರದ ಕೃಪೆಯಲ್ಲ, ಹಕ್ಕು. ಒಂದರಿಂದ ಐದನೆಯ ತರಗತಿಯವರಿಗೆ ತಲಾ 100 ಗ್ರಾಂ, ಆರರಿಂದ ಎಂಟರವರಿಗೆ 150 ಗ್ರಾಂ ಧಾನ್ಯ ಎಂಬ ಲೆಕ್ಕವಿದೆ. ಇದನ್ನು ಬಾಯಲ್ಲಿ ಹೇಳುವ ಬದಲು ಅಡುಗೆ ಕೋಣೆಯ ತಕ್ಕಡಿಯನ್ನೇ ಮರದ ಕೆಳಗೆ ತಂದೆವು. ನಾಲ್ಕನೆಯ ತರಗತಿಯ ಹುಡುಗನೊಬ್ಬ 100 ಗ್ರಾಂ ಅಕ್ಕಿ ತೂಗಿ ತಟ್ಟೆಗೆ ಸುರಿದ. ತಟ್ಟೆಯ ತಳವೂ ಪೂರ್ತಿ ಮುಚ್ಚಲಿಲ್ಲ. “ಇಷ್ಟೇ ಏನ್ರಿ ಸರ?” ಎಂದು ಅವನು ನನ್ನ ಮುಖ ನೋಡಿದ. ಅಡುಗೆಯ ಅಕ್ಕ ಮೊದಲು, ಇದೇನು ತನ್ನ ಮೇಲೆ ತನಿಖೆಯೋ ಎಂದು ಮುಖ ಬಿಗಿದುಕೊಂಡು ನಿಂತಿದ್ದರು. ಹುಡುಗನ ಮಾತು ಕೇಳಿ ಅವರೇ ಮುಂದೆ ಬಂದು, “ಬೆಂದ ಮ್ಯಾಲ ನೋಡಪ್ಪ, ನಿನ್ನ ಕೈಲೆ ತಿನ್ನಾಕ ಆಗಲ್ಲ” ಎಂದರು. ಅದೇ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಮಧ್ಯಾಹ್ನ ತೋರಿಸಿದರು. ಅಂದಿನಿಂದ ದಿನವೂ ಅಕ್ಕಿ ತೂಗುವಾಗ ಸರದಿಯಂತೆ ಇಬ್ಬರು ಮಕ್ಕಳು ಜೊತೆಗಿರುತ್ತಾರೆ, ಆ ದಿನದ ತೂಕವನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯುತ್ತಾರೆ. ಊಟಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ, ಹಾಜರಿ ಕ್ರಮದಲ್ಲಿ ಕೂರಬೇಕು ಎಂಬುದೂ ಆ ವಾರದ ಶನಿವಾರವೇ ನಿಂತ ನಿಯಮ. ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದು ನಮ್ಮ ಊರುಗಳಲ್ಲಿ ಸಣ್ಣ ವಿಷಯವಲ್ಲವೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊಡೆತದ ವಿಷಯ ಬಂದ ವಾರ ಸಿಬ್ಬಂದಿ ಕೊಠಡಿಯಲ್ಲಿ ಮಾತು ಕಡಿಮೆಯಾಗಿತ್ತು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಅದರ 17ನೆಯ ಕಲಂ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತಿರುವ ಸಂಗತಿ; ಅದನ್ನು ಮಕ್ಕಳ ಎದುರಿಗೆ ಗಟ್ಟಿಯಾಗಿ ಓದುವುದು ಬೇರೆ ಸಂಗತಿ. ಓದಿ ಮುಗಿಸುವುದರೊಳಗೆ ಮೂರನೆಯ ತರಗತಿಯ ಸಾಲಿನಿಂದ “ಕಿವಿ ಹಿಂಡೋದೂ ಹೊಡದಂಗೇ ಏನ್ರಿ?” ಎಂಬ ಪ್ರಶ್ನೆ ಬಂತು. ಹೌದು ಎಂದೆ. ಆಕ್ಷೇಪ ಬಂದದ್ದು ಶಿಕ್ಷಕರಿಂದಲ್ಲ, ಪಾಲಕರಿಂದ: “ಅಂಜಿಕಿ ಇಲ್ದ ಹುಡುಗರು ಓದ್ತಾವೇನ್ರಿ ಮಾಸ್ತರ?” ಇವರಿಗೆ ಕಾಯ್ದೆ ತೋರಿಸಿ ಪ್ರಯೋಜನವಿಲ್ಲ. ಶನಿವಾರದ ಸಭೆಗೆ ಕರೆದು, ಅವರ ಮಕ್ಕಳೇ ಗಟ್ಟಿಯಾಗಿ ಓದುವುದನ್ನು ಕೇಳಿಸಿದೆವು. ಕೆಲವರು ಒಪ್ಪಿದರು, ಕೆಲವರು ಈಗಲೂ ಒಪ್ಪಿಲ್ಲ.

ಹತ್ತಿ ಬಿಡಿಸುವ ಕಾಲ ಬಂದಾಗ ಸಾಲುಗಳು ತೆಳ್ಳಗಾಗುತ್ತವೆ. ಆಗ ಭಾಷಣ ಬಿಟ್ಟು, ನಿಮ್ಮ ಸಾಲಿನಲ್ಲಿ ಇಂದು ಯಾರಿಲ್ಲ ಎಂದಷ್ಟೇ ಕೇಳುತ್ತೇವೆ. “ಹತ್ತಿ ಬಿಡಸ್ಲಾಕ ಹೋಗ್ಯಾಳ್ರಿ” ಎಂಬ ಉತ್ತರ ಬಂದೊಡನೆ, ತಮ್ಮ ಹೊಲದಲ್ಲಿ ದುಡಿದರೂ ತಪ್ಪೇ ಎಂಬ ಪ್ರಶ್ನೆಯೂ ಬರುತ್ತದೆ. ಇಲ್ಲಿ ಮಕ್ಕಳಿಗೆ ಅರ್ಧ ಸತ್ಯ ಹೇಳಬಾರದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸುತ್ತದೆ, ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕೆಲಸಕ್ಕೆ, ಅದು ಅಪಾಯದ್ದಲ್ಲದಿದ್ದರೆ, ನೆರವಾಗಲು ಬಿಡುತ್ತದೆ. ಸಂಜೆ ಅವ್ವನ ಜೊತೆ ನಮ್ಮ ಹೊಲಕ್ಕೆ ಹೋಗಬಹುದು, ಶಾಲೆ ತಪ್ಪಿಸಿ ಕಿಲೋ ಲೆಕ್ಕದಲ್ಲಿ ಪರರ ಹೊಲದಲ್ಲಿ ಬಿಡಿಸಬಾರದು ಎಂದು ನಾವು ಹೇಳಿದ್ದನ್ನು ಮಕ್ಕಳು ಮನೆಯಲ್ಲಿ ಹೇಳಬಲ್ಲರು. ಹೊಲವೇ ಇಲ್ಲದ ಮನೆಯ ಮಗು ಏನು ಹೇಳಬೇಕು ಎಂಬುದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಅಂಥ ಮನೆಗಳಿಗೆ ನಾವೇ ಹೋಗುತ್ತೇವೆ.

ಸಭೆಗೆ ತರಬಾರದ ವಿಷಯಗಳೂ ಇವೆ. ಮೈಮುಟ್ಟುವ ಕಿರುಕುಳದ ಬಗ್ಗೆ ತಿಳಿವಳಿಕೆಯನ್ನು ಸಣ್ಣ ಗುಂಪುಗಳಲ್ಲಿ ಮಾತ್ರ, ಹುಡುಗಿಯರಿಗೆ ಶಿಕ್ಷಕಿಯರಿಂದ ಕೊಡಿಸುತ್ತೇವೆ. ದೂರು ಪೆಟ್ಟಿಗೆಯ ಚೀಟಿಗಳನ್ನು ಸಭೆಯಲ್ಲಿ ಓದುವುದಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೆಯ ಕಲಂ ಪ್ರಕಾರ ಇಂಥ ಸಂಗತಿ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಊರಿನಲ್ಲಿ ರಾಜಿ ಮಾಡಿಸುವ ಅಧಿಕಾರ ಮುಖ್ಯ ಗುರುವಿಗೂ ಇಲ್ಲ, ಹಿರಿಯರಿಗೂ ಇಲ್ಲ. ಇದನ್ನು ಮಕ್ಕಳಿಗಿಂತ ಮೊದಲು ಸಿಬ್ಬಂದಿಗೆ ಹೇಳಿಕೊಟ್ಟೆ. ಸಭೆಯಲ್ಲಿ ಎಲ್ಲರೂ ಕಲಿಯುವುದು 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು: ಹತ್ತು, ಒಂಬತ್ತು, ಎಂಟು ಎಂದು ಇಳಿಕೆಯಲ್ಲಿ ಎಣಿಸಿದರೆ ಒಂದನೆಯ ತರಗತಿಯವರಿಗೂ ನೆನಪುಳಿಯುತ್ತದೆ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆಯಿಲ್ಲ ಎಂಬುದನ್ನು ದೊಡ್ಡ ಮಕ್ಕಳು ಕಿರುನಾಟಕವಾಗಿ ಆಡುತ್ತಾರೆ, ಅದರಲ್ಲಿ ಈ ಸಂಖ್ಯೆಗೆ ಕರೆ ಮಾಡುವ ಪಾತ್ರಕ್ಕೆ ಯಾವಾಗಲೂ ಪೈಪೋಟಿ.

ಶಾಲೆಯಲ್ಲಿ ತೀರದ ಪ್ರಶ್ನೆಗಳನ್ನು ನವೆಂಬರಿನ ಸುಮಾರಿಗೆ ನಡೆಯುವ ಮಕ್ಕಳ ಗ್ರಾಮಸಭೆಗೆ ಮಕ್ಕಳೇ ಒಯ್ಯುತ್ತಾರೆ. ಶೌಚಾಲಯಕ್ಕೆ ನೀರಿನ ಪೈಪು ಬಂದದ್ದು ಹಾಗೆ. ಕಂಪೌಂಡು ಗೋಡೆ ಇನ್ನೂ ಬಂದಿಲ್ಲ. ಆ ಪ್ರಶ್ನೆ ಪ್ರತಿ ವರ್ಷ ಮತ್ತೆ ಹೋಗುತ್ತದೆ.

ಗುಳೆ ಹೋಗುವ ಕುಟುಂಬಗಳು ದೀಪಾವಳಿ ಮುಗಿಸಿ ಹೊರಡುವ ಮೊದಲಿನ ವಾರವನ್ನು ಈಗ ಅವರಿಗಾಗಿಯೇ ಮೀಸಲಿಟ್ಟಿದ್ದೇವೆ. ವರ್ಗಾವಣೆ ಪತ್ರ ತಡವಾಯಿತೆಂದೋ, ವಯಸ್ಸಿನ ದಾಖಲೆ ಇಲ್ಲವೆಂದೋ, ವರ್ಷದ ನಡುವೆ ಬಂದರೆಂದೋ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುವುದನ್ನು ಸಭೆಯಲ್ಲಿ ಓದಿ, ಹೊರಡುವ ಪ್ರತಿ ಮಗುವಿಗೆ ಒಂದು ಚೀಟಿ ಕೊಡುತ್ತೇವೆ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಶಾಲೆಯ ಮೊಹರು, ನನ್ನ ಫೋನ್ ನಂಬರು. ಕಳೆದ ಬಾರಿ ಬೆಂಗಳೂರಿನ ಹೊರವಲಯದ ಒಂದು ಶಾಲೆಯಿಂದ ಕರೆ ಬಂತು. ನಮ್ಮ ಐದನೆಯ ತರಗತಿಯ ಹುಡುಗಿ ತಮ್ಮನ ಕೈ ಹಿಡಿದುಕೊಂಡು ತಾನೇ ಹೋಗಿ ಚೀಟಿ ತೋರಿಸಿ, “ನಮ್ಮನ್ನ ತಗೋಬೇಕ್ರಿ, ಕಾಯ್ದೆ ಐತಿ” ಎಂದಳಂತೆ. ಅಲ್ಲಿನ ಮುಖ್ಯ ಶಿಕ್ಷಕಿ ನಗುತ್ತಲೇ ಸ್ಯಾಟ್ಸ್ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿ ಎಂದರು. ಇಬ್ಬರ ವರ್ಗಾವಣೆಯನ್ನೂ ಆ ವಾರವೇ ಮುಗಿಸಿದೆವು.